ಮ್ಯಾಟರ್‌ಹಾರ್ನ್ ಹತ್ತುವ ಆಸೆಯೇ? ಇಳಿಯೋದನ್ನು ಮೊದಲು ಕಲಿಯಿರಿ

1865ರ ಜುಲೈ 14. ಸ್ವಿಟ್ಜರ್‌ಲೆಂಡ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಹತ್ತಿದ ಏಳು ಜನ ಕೆಳಗೆ ಇಳಿಯುತ್ತಿದ್ದರು. ಎಲ್ಲರೂ ಒಂದೇ ಸಾಲಿನಲ್ಲಿ, ಹಗ್ಗ ಕಟ್ಟಿಕೊಂಡು. ಎಲ್ಲರಿಗಿಂತ ಮುಂದೆ ಗೈಡ್ ಮಿಶೆಲ್ ಕ್ರೋ. ಅವರ ಬೆನ್ನಿಗೆ 19 ವರ್ಷದ ಡಗ್ಲಸ್ ಹ್ಯಾಡೊ. ಹುಡುಗನಿಗೆ ಬೆಟ್ಟದ ಅನುಭವ ಕಡಿಮೆ. ಕಾಲು ಎಲ್ಲಿಡಬೇಕು ಅಂತ ತಿಳಿಯದೆ ತಡವರಿಸುತ್ತಿದ್ದ. ಕ್ರೋ ತಮ್ಮ ಕೊಡಲಿಯನ್ನು ಪಕ್ಕಕ್ಕಿಟ್ಟು, ಅವನ ಪಾದಗಳನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಬಂಡೆಯ ಮೇಲೆ ಇಡಿಸುತ್ತಿದ್ದರು. ಅಷ್ಟರಲ್ಲಿ ಹ್ಯಾಡೊ ಜಾರಿ ಕ್ರೋ ಮೇಲೆ ಬಿದ್ದ. ಅವರಿಬ್ಬರ ಭಾರಕ್ಕೆ ಹಿಂದಿದ್ದ ಇನ್ನಿಬ್ಬರೂ ಕಿತ್ತು ಬಂದರು. ಹಗ್ಗ ತುಂಡಾಯಿತು. ನಾಲ್ವರು ಸತ್ತರು. ಎಡ್ವರ್ಡ್ ವಿಂಪರ್ ಮತ್ತು ಟೌಗ್‌ವಾಲ್ಡರ್ ಅಪ್ಪ-ಮಗ, ಈ ಮೂವರು ಉಳಿದರು. ಆ ಹಗ್ಗದ ತುಂಡು ಇವತ್ತಿಗೂ ಝರ್ಮಾಟ್ ಊರಿನ ಮ್ಯೂಸಿಯಂನಲ್ಲಿದೆ.

ಅಂದಿನಿಂದ ಈ ಒಂದೇ ಬೆಟ್ಟದಲ್ಲಿ 500ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡಿದ್ದಾರೆ. ಆದರೂ ಆ ಏಳು ಜನ ಹತ್ತಿದ ಹ್ಯೋರ್ನ್ಲಿ ಏಣಿನ (ಬೆಟ್ಟದ ಚೂಪಾದ ಅಂಚಿನ) ದಾರಿ ಸಾಮಾನ್ಯ ಜನರ ಕೈಗೆ ಎಟುಕದ್ದೇನಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸ ಮಾಡಿಕೊಂಡು, ಎಂಟು-ಒಂಬತ್ತು ತಿಂಗಳು ಬಿಡದೆ ತಯಾರಿ ಮಾಡಿದರೆ ಒಳ್ಳೆ ಗೈಡ್ ಜೊತೆ ಹೋಗಿಬರಬಹುದು. ಹತ್ತುವ ಕಾಲ ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ. ಹಾಗಾಗಿ ನವೆಂಬರ್‌ನಲ್ಲಿ ಶುರು ಮಾಡಿದರೆ ಲೆಕ್ಕ ಸರಿಹೋಗುತ್ತದೆ.

ಮೊದಲು ದಾರಿ ಹೇಗಿದೆ ನೋಡಿ

ಶಿಖರದ ಎತ್ತರ 4,478 ಮೀಟರ್. ಹಿಂದಿನ ರಾತ್ರಿ ಉಳಿಯುವ ಹ್ಯೋರ್ನ್ಲಿ ಹಟ್ ಇರುವುದು 3,260 ಮೀಟರ್‌ನಲ್ಲಿ. ಅಂದರೆ ಒಂದೇ ದಿನ ಸುಮಾರು 1,200 ಮೀಟರ್ ಹತ್ತಬೇಕು, ಅಷ್ಟೂ ಇಳಿಯಬೇಕು. ಹತ್ತಲು ನಾಲ್ಕರಿಂದ ಐದು ಗಂಟೆ, ಇಳಿಯಲೂ ಅಷ್ಟೇ. ದಾರಿಯುದ್ದಕ್ಕೂ ಕಡಿದಾದ ಕಲ್ಲು. ಬಹುಪಾಲು ಕಡೆ ಕೈ-ಕಾಲು ಎರಡೂ ಬೇಕು, ಆದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ನಿಜವಾಗಿ ಕಷ್ಟದ ಜಾಗಗಳು ಕೆಲವೇ: ಕೆಳಗಿನ ಮತ್ತು ಮೇಲಿನ ಮೋಸ್ಲಿ ಹಾಸುಬಂಡೆಗಳು, ದಪ್ಪ ಹಗ್ಗ ಕಟ್ಟಿರುವ ‘ಭುಜ’ದ ಮೇಲ್ಭಾಗ, ಕೊನೆಯಲ್ಲಿ ಹಿಮ ಕೂತ ‘ಚಾವಣಿ’. ನಡುವೆ 4,003 ಮೀಟರ್‌ನಲ್ಲಿ ಸೊಲ್ವೇ ಅನ್ನುವ ಪುಟ್ಟ ಮರದ ಗುಡಿಸಲಿದೆ. ಅದು ಆಪತ್ತಿಗೆ ಮಾತ್ರ.

ಒಂದು ವಿಷಯ ಹೊಸಬರಿಗೆ ಗೊತ್ತಿರೋದಿಲ್ಲ. ಹತ್ತುವಾಗ ಗೈಡ್ ಮುಂದೆ, ನೀವು ಹಿಂದೆ. ಇಳಿಯುವಾಗ ನೀವು ಮುಂದೆ. ಗೈಡ್ ಮೇಲೆ ನಿಂತು ಹಗ್ಗ ಹಿಡಿದಿರುತ್ತಾರೆ, ದಾರಿ ಕೂಗಿ ಹೇಳುತ್ತಾರೆ. ಕಾಲು ಎಲ್ಲಿಡಬೇಕು ಅಂತ ನೋಡಿ ಇಡೋದು ಮಾತ್ರ ನೀವೇ. ಅದೂ ಐದು ಗಂಟೆ ಹತ್ತಿ ಸುಸ್ತಾದ ಮೇಲೆ. ಕೆಳಗೆ ಹೇಳುವ ತಯಾರಿಯನ್ನೆಲ್ಲ ಈ ಹೊತ್ತಿಗಾಗಿಯೇ ಮಾಡುತ್ತಿದ್ದೇನೆ ಅಂದುಕೊಳ್ಳಿ.

ಹೆಜ್ಜೆ 1: ಮಾತಾಡುತ್ತಾ ಓಡಿ (ನವೆಂಬರ್‌ನಿಂದ ಜನವರಿ)

ಶುರುವಿಗೆ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ. ಬಿಪಿ, ಶುಗರ್, ಇಸಿಜಿ ನೋಡಿಸಿ. ನಲವತ್ತು ದಾಟಿದವರಂತೂ ಇದನ್ನು ಬಿಡಲೇಬಾರದು.

ಮೊದಲ ಮೂರು ತಿಂಗಳು ದಮ್ಮು ಕಟ್ಟುವ ಕೆಲಸ. ವಾರಕ್ಕೆ ನಾಲ್ಕು ದಿನ, 45 ನಿಮಿಷದಿಂದ ಒಂದು ಗಂಟೆ ನಿಧಾನ ಓಟ ಅಥವಾ ಚುರುಕು ನಡಿಗೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಏದುಸಿರು ಬಂತು ಅಂದರೆ ವೇಗ ಜಾಸ್ತಿ ಆಯಿತು ಅಂತ. ತುಂಬಾ ಜನ ತಪ್ಪೋದು ಇಲ್ಲೇ. ದಿನಾ ಬೆವರು ಸುರಿಸಿ, ನಾಲಿಗೆ ಹೊರಗೆ ಬರುವಂತೆ ಓಡಿದರೆ ಬೇಗ ಗಟ್ಟಿಯಾಗುತ್ತೇವೆ ಅಂದುಕೊಳ್ಳುತ್ತಾರೆ. ಮ್ಯಾಟರ್‌ಹಾರ್ನ್ ಹತ್ತು ಗಂಟೆಯ ಕೆಲಸ. ನಿಧಾನವಾಗಿ, ನಿಲ್ಲದೆ ನಡೆಯುವ ದೇಹ ಬೇಕು. ಅದು ಇಂಥ ಹಗುರ ಓಟದಿಂದಲೇ ಬರೋದು.

ಭಾನುವಾರ ಒಂದು ಉದ್ದದ ನಡಿಗೆ. ಮೂರು ಗಂಟೆಯಿಂದ ಶುರು ಮಾಡಿ ಜನವರಿ ಹೊತ್ತಿಗೆ ಆರು ಗಂಟೆಗೆ ತನ್ನಿ. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಏರಿಸಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಆ ವಾರ ಸುಮ್ನೆ ಕೂತಂತೆ ಅನಿಸಿದರೂ ಬೇಜಾರು ಬೇಡ. ಮೈ ಗಟ್ಟಿಯಾಗೋದು ವಿಶ್ರಾಂತಿಯಲ್ಲೇ.

ಹೆಜ್ಜೆ 2: ಲಿಫ್ಟ್ ಬಿಡಿ (ಫೆಬ್ರುವರಿಯಿಂದ ಏಪ್ರಿಲ್)

ಹತ್ತು ಮಹಡಿಯ ಅಪಾರ್ಟ್‌ಮೆಂಟ್ ಇದ್ದರೆ ಸಾಕು. ಒಂದು ಮಹಡಿಗೆ ಮೂರು ಮೀಟರ್ ಅಂತ ಹಿಡಿದರೆ ಒಂದು ಸಲ ಹತ್ತಿದಾಗ 30 ಮೀಟರ್. ನಲವತ್ತು ಸಲ ಹತ್ತಿದರೆ ಹ್ಯೋರ್ನ್ಲಿ ಏಣಿನಷ್ಟು ಎತ್ತರ ಆಯಿತು.

ಮೊದಲ ವಾರ ಐದು ಕಿಲೋ ಬ್ಯಾಗ್, ಎಂಟು ಸುತ್ತು. ಏಪ್ರಿಲ್ ಕೊನೆಗೆ ಎಂಟು ಕಿಲೋ, 33 ಸುತ್ತು, ಅಂದರೆ ಸುಮಾರು 1,000 ಮೀಟರ್. ಇಳಿಯುವ ಹೊತ್ತೂ ಸೇರಿ ಮೂರೂವರೆ ಗಂಟೆಯಲ್ಲಿ ಮುಗಿಯಬೇಕು. ಇದು ವಾರಕ್ಕೆ ಒಂದೇ ಸಲ. ಇನ್ನೊಂದು ದಿನ ಅರ್ಧದಷ್ಟು ಮಾಡಿ. ಉಳಿದ ದಿನ ಹಗುರ ಓಟ ಹಾಗೇ ಇರಲಿ.

ಬ್ಯಾಗಿಗೆ ಭಾರ ತುಂಬಲು ನೀರಿನ ಬಾಟಲಿಗಿಂತ ಒಳ್ಳೇದು ಇನ್ನೊಂದಿಲ್ಲ. ಒಂದು ಲೀಟರ್ ಅಂದರೆ ಒಂದು ಕಿಲೋ, ತೂಕದ ಲೆಕ್ಕ ಸುಲಭ. ಮೊದಲ ತಿಂಗಳು ಕೊನೆಯ ಸುತ್ತಿನಲ್ಲಿ ಮೇಲೆ ತಲುಪಿದ ಮೇಲೆ ನೀರನ್ನು ಟೆರೇಸಿನ ಗಿಡಗಳಿಗೆ ಸುರಿದು, ಖಾಲಿ ಬ್ಯಾಗಿನಲ್ಲಿ ಇಳಿಯಿರಿ. ಅದಕ್ಕಿಂತ ಮುಂಚಿನ ಸುತ್ತುಗಳಲ್ಲಿ ಲಿಫ್ಟ್‌ನಲ್ಲೇ ಕೆಳಗೆ ಬನ್ನಿ. ಮಂಡಿ ಉಳಿಯುತ್ತದೆ. ಎರಡನೇ ತಿಂಗಳಿಂದ ಭಾರ ಹೊತ್ತೇ ಇಳಿಯಿರಿ. ಕಂಬಿ ಹಿಡಿಯಬೇಡಿ. ಪೂರ್ತಿ ಪಾದ ಊರಿ, ಸದ್ದಾಗದಂತೆ ಇಳಿಯಿರಿ. ದಬದಬ ಅಂತ ಸದ್ದು ಬಂದರೆ ತೊಡೆ ಸೋತಿದೆ ಅಂತ ಅರ್ಥ. ಅವತ್ತಿಗೆ ಅಷ್ಟೇ ಸಾಕು.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ 1,008 ಮೆಟ್ಟಿಲಿದೆ. ಬೆಳಗಿನ ಜಾವ ಎರಡು-ಮೂರು ಸಲ ಹತ್ತಿ ಇಳಿದರೆ ಅಪಾರ್ಟ್‌ಮೆಂಟಿಗಿಂತ ಎಷ್ಟೋ ಚೆನ್ನ.

ಹೆಜ್ಜೆ 3: ಇಳಿಯುವ ಕಾಲು

ಹತ್ತುವಾಗ ತೊಡೆಯ ಮಾಂಸಖಂಡ ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಾ ಭಾರ ತಡೆಯುತ್ತದೆ. ಬ್ರೇಕ್ ಹಾಕಿದ ಹಾಗೆ. ಮಾರನೇ ದಿನ ಮೆಟ್ಟಿಲಿಳಿಯಲು ಆಗದಷ್ಟು ನೋವು ಬರೋದು ಈ ಬ್ರೇಕ್ ಕೆಲಸದಿಂದ. ಅಭ್ಯಾಸ ಮಾಡಿಸಿದರೆ ಇದೇ ಮಾಂಸಖಂಡ ಬೇಗ ಹೊಂದಿಕೊಳ್ಳುತ್ತದೆ.

ಕಸರತ್ತು ಹೀಗೆ. ಒಂದು ಮೆಟ್ಟಿಲ ಅಂಚಿನಲ್ಲಿ ಬಲಗಾಲಲ್ಲಿ ನಿಲ್ಲಿ. ಎಡಗಾಲು ಗಾಳಿಯಲ್ಲಿ ಮುಂದಕ್ಕೆ. ಒಂದರಿಂದ ನಾಲ್ಕು ಎಣಿಸುತ್ತಾ ಬಲ ಮಂಡಿ ಮಡಚಿ ಇಳಿಯಿರಿ. ಎಡ ಹಿಮ್ಮಡಿ ಕೆಳಗಿನ ನೆಲವನ್ನು ಮುಟ್ಟೀತೋ ಇಲ್ಲವೋ ಅನ್ನುವಷ್ಟು ಹಗುರವಾಗಿ ತಾಗಲಿ, ತಾಗಿದ ಕೂಡಲೇ ಮೇಲೇಳಿ. ಬಲ ಮಂಡಿ ಒಳಗೆ ವಾಲಬಾರದು, ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಕನ್ನಡಿ ಎದುರು ಮಾಡಿದರೆ ತಪ್ಪು ತಾನಾಗಿ ಕಾಣುತ್ತದೆ. ಒಂದೊಂದು ಕಾಲಿಗೆ ಎಂಟು ಸಲ, ಮೂರು ಸುತ್ತು. ಎರಡು ತಿಂಗಳಲ್ಲಿ ಹದಿನೈದಕ್ಕೆ ಏರಿಸಿ. ವಾರಕ್ಕೆ ಎರಡು ದಿನ ಸಾಕು. ಜೊತೆಗೆ ಮೀನಖಂಡಕ್ಕೆ ತುದಿಗಾಲಲ್ಲಿ ಏಳುವ ಕಸರತ್ತು, ಹೊಟ್ಟೆ-ಬೆನ್ನಿಗೆ ಪ್ಲ್ಯಾಂಕ್.

ಇದರ ಪರೀಕ್ಷೆಗೆ ನನಗೆ ಗೊತ್ತಿರುವ ಒಳ್ಳೆ ಜಾಗ ಕುಮಾರ ಪರ್ವತ. ಕುಕ್ಕೆಯಿಂದ ಹೊರಟರೆ 1,712 ಮೀಟರ್ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಏರಿಕೆ. ಅಂದರೆ ಹ್ಯೋರ್ನ್ಲಿ ಏಣಿಗಿಂತ ಹೆಚ್ಚು. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು, ಅವರ ನಿಯಮದಂತೆ ಹೋಗಿ. ನಾನು ಮೊದಲ ಸಲ ಹೋದಾಗ ಹತ್ತಿದ್ದು ನೆನಪೇ ಇಲ್ಲ. ದಾರಿಯ ನಡುವೆ ಸಿಗುವ ಭಟ್ಟರ ಮನೆಯಿಂದ ಕೆಳಗೆ ಕಾಡಿನಲ್ಲಿ ಇಳಿಯುವಾಗ ತೊಡೆ ಗಡಗಡ ನಡುಗಿ, ಪ್ರತಿ ಬೇರನ್ನೂ ಎಡವಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಅಲ್ಲಿ ಎಡವಿದರೆ ಮಣ್ಣಿಗೆ ಬೀಳುತ್ತೇವೆ. ಮ್ಯಾಟರ್‌ಹಾರ್ನ್ ಪೂರ್ವ ಮುಖದ ಮೇಲೆ ಹಾಗಲ್ಲ, ಅಲ್ವಾ?

ಹೆಜ್ಜೆ 4: ಬಂಡೆ (ಮಾರ್ಚ್‌ನಿಂದ ಜೂನ್)

ಕಷ್ಟದ ಬಂಡೆ ಹತ್ತುವ ಹುಲಿಯಾಗಬೇಕಿಲ್ಲ. ಸುಲಭದ ಬಂಡೆಯಲ್ಲಿ ಯೋಚಿಸದೆ ನಡೆಯುವಂತಾಗಬೇಕು. ಹತ್ತುವ ಗೋಡೆಯಲ್ಲಿ ಮೊದಲ ಪಾಠ, ಆಮೇಲೆ ರಾಮನಗರದ ಗ್ರಾನೈಟ್, ಸಾವನದುರ್ಗದ ಹಾಸುಬಂಡೆ, ಸಾಧ್ಯವಾದರೆ ಬಾದಾಮಿಯ ಕೆಂಪು ಕಲ್ಲು. ತಿಳಿದವರ ಜೊತೆ, ಹೆಲ್ಮೆಟ್ ಹಾಕಿಕೊಂಡು ಹೋಗಿ.

ಎರಡು ಅಭ್ಯಾಸ ಮುಖ್ಯ. ಒಂದು, ಮೆತ್ತನೆ ಕ್ಲೈಂಬಿಂಗ್ ಶೂ ಬಿಟ್ಟು, ಸ್ವಿಟ್ಜರ್‌ಲೆಂಡ್‌ಗೆ ಹಾಕಿಕೊಂಡು ಹೋಗುವ ಗಟ್ಟಿ ಬೂಟಿನಲ್ಲೇ ಹತ್ತಿ. ಅದರ ಅಟ್ಟೆ ಬಾಗುವುದಿಲ್ಲ, ಕಲ್ಲು ಕಾಲಿಗೆ ತಿಳಿಯುವುದಿಲ್ಲ. ಬೆರಳಗಲದ ಅಂಚಿನ ಮೇಲೆ ಬೂಟಿನ ಮೂತಿ ಇಟ್ಟು, ಹಿಮ್ಮಡಿ ಎತ್ತದೆ ನಂಬಿ ನಿಲ್ಲೋದನ್ನು ಕಲಿಯಬೇಕು. ಎರಡನೆಯದು, ಹತ್ತಿದ್ದನ್ನೆಲ್ಲ ಹಗ್ಗದ ರಕ್ಷಣೆಯಲ್ಲಿ ಇಳಿದೇ ಬನ್ನಿ, ಹಗ್ಗಕ್ಕೆ ಜೋತು ಬೀಳಬೇಡಿ. ಸಲೀಸಾದ ಕಡೆ ಮುಖ ಕಣಿವೆಯ ಕಡೆ, ಸ್ವಲ್ಪ ಕಡಿದಾದರೆ ಪಕ್ಕಕ್ಕೆ ತಿರುಗಿ, ತೀರಾ ಕಡಿದಾದರೆ ಬಂಡೆಗೆ ಮುಖ ಮಾಡಿ. ಈ ಮೂರರ ನಡುವೆ ತಡವರಿಸದೆ ಬದಲಾಯಿಸೋದು ಬಂದರೆ ಅರ್ಧ ಮ್ಯಾಟರ್‌ಹಾರ್ನ್ ಕಲಿತಂತೆ.

ಹೆಜ್ಜೆ 5: ಹಿಮ

ಇದು ಕರ್ನಾಟಕದಲ್ಲಿ ಸಿಗೋದಿಲ್ಲ. ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿಯ ಪರ್ವತಾರೋಹಣ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್ ಇದೆ. ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ಬೂಟಿನ ಅಡಿಗೆ ಕಟ್ಟುವ ಉಕ್ಕಿನ ಮುಳ್ಳು) ಕಟ್ಟಿ ನಡೆಯೋದು, ಜಾರಿದರೆ ಕೊಡಲಿ ಊರಿ ನಿಲ್ಲೋದು, ಹಗ್ಗದ ಗಂಟು ಎಲ್ಲ ಕಲಿಸುತ್ತಾರೆ. ರಜೆ ಹೊಂದಿಸಿಕೊಂಡು ಮಾಡಿಬಿಡಿ. ಇದಕ್ಕಿಂತ ಒಳ್ಳೆ ಹೂಡಿಕೆ ಇಲ್ಲ.

ಹೆಜ್ಜೆ 6: ತೆಳು ಗಾಳಿಗೆ ಮೈ ಒಗ್ಗಿಸುವುದು

ನಂದಿ ಬೆಟ್ಟದ ಎತ್ತರ 1,478 ಮೀಟರ್. ಮ್ಯಾಟರ್‌ಹಾರ್ನ್ ಅದಕ್ಕಿಂತ ಸರಿಯಾಗಿ 3,000 ಮೀಟರ್ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ 60 ಪರ್ಸೆಂಟಿಗೂ ಕಡಿಮೆ. ಇದಕ್ಕೆ ಬೆಂಗಳೂರಿನಲ್ಲಿ ತಯಾರಿ ಆಗೋದಿಲ್ಲ. ಮೇ ತಿಂಗಳಲ್ಲಿ ಹಿಮಾಲಯಕ್ಕೆ ಹೋಗಿಬಂದರೂ ಒಗ್ಗಿದ್ದು ಕೆಲವೇ ವಾರದಲ್ಲಿ ಹೋಗಿಬಿಡುತ್ತದೆ. ಹಾಗಾಗಿ ಸ್ವಿಟ್ಜರ್‌ಲೆಂಡ್‌ನಲ್ಲೇ ಎಂಟು-ಹತ್ತು ದಿನ ಇಟ್ಟುಕೊಳ್ಳಿ. ಹೊರಡುವ ಮುಂಚಿನ ಎರಡು ವಾರ ತಯಾರಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿ.

ಝರ್ಮಾಟ್ 1,600 ಮೀಟರ್‌ನಲ್ಲಿದೆ. ಮೊದಲ ಎರಡು ದಿನ ಸುತ್ತಮುತ್ತ ನಡೆಯಿರಿ. ಆಮೇಲೆ ಗೊರ್ನರ್‌ಗ್ರಾಟ್ ರೈಲಿನಲ್ಲಿ ಹೋಗಿ 2,928 ಮೀಟರಿನ ರಿಫೆಲ್‌ಹಾರ್ನ್ ಹತ್ತಿ. ಗೈಡ್‌ಗಳು ಹೊಸಬರನ್ನು ಪರೀಕ್ಷೆ ಮಾಡುವ ಬಂಡೆ ಇದು. ನಂತರ 3,030 ಮೀಟರಿನ ಗಾಂಡೆಗ್ ಹಟ್‌ನಲ್ಲಿ ರಾತ್ರಿ ಉಳಿದು, 4,164 ಮೀಟರಿನ ಬ್ರೈಟ್‌ಹಾರ್ನ್. ಅದಾದ ಮೇಲೆ ಸಂಕೋಲೆ ಹಿಡಿದು ಹತ್ತುವ ಪೊಲಕ್ಸ್, 4,092 ಮೀಟರ್. ಇದರಲ್ಲೇ ನಿಮ್ಮ ತಯಾರಿ ಎಷ್ಟು ಅಂತ ಗೊತ್ತಾಗುತ್ತದೆ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾದರೆ ಮೇಲೆ ಹೋಗಬೇಡಿ. ಹೆಜ್ಜೆ ತಪ್ಪಿದರೆ, ಕೂತಲ್ಲೇ ಉಬ್ಬಸ ಬಂದರೆ ತಕ್ಷಣ ಇಳಿಯಿರಿ. ಮಾತ್ರೆ ಡಾಕ್ಟರನ್ನು ಕೇಳದೆ ಬೇಡ.

ಆ ದಿನ

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹೆಡ್‌ಲ್ಯಾಂಪ್ ಕಟ್ಟಿ ಹೊರಡುತ್ತಾರೆ. ಒಬ್ಬ ಗೈಡ್‌ಗೆ ಒಬ್ಬರೇ. ಬ್ಯಾಗಿನಲ್ಲಿ ಒಂದೂವರೆ ಲೀಟರ್ ನೀರು, ಗ್ಲೌಸ್, ಜಾಕೆಟ್, ಕ್ರ್ಯಾಂಪನ್. ಖರ್ಜೂರ, ಚಿಕ್ಕಿಯಂಥದ್ದು ಜೇಬಿನಲ್ಲೇ ಇರಲಿ, ಬ್ಯಾಗ್ ಬಿಚ್ಚಲು ಅಲ್ಲಿ ಪುರುಸೊತ್ತು ಸಿಗೋದಿಲ್ಲ.

ಸೊಲ್ವೇ ತಲುಪಿದಾಗ ಗಡಿಯಾರ ನೋಡಿ. ಎರಡೂವರೆ ಗಂಟೆ ಆಗಿದ್ದರೆ ಚೆನ್ನಾಗಿದ್ದೀರಿ. ಮೂರು ದಾಟಿದ್ದರೆ ಗೈಡ್ ವಾಪಸ್ ಹೋಗೋಣ ಅನ್ನಬಹುದು. ವಾದ ಮಾಡಬೇಡಿ. ಹತ್ತಲು ಉಳಿದ ಶಕ್ತಿಯನ್ನಲ್ಲ, ಇಳಿಯಲು ಉಳಿದ ಶಕ್ತಿಯನ್ನು ಅವರು ಲೆಕ್ಕ ಹಾಕುತ್ತಿರುತ್ತಾರೆ. ತುದಿಯಲ್ಲಿ ಫೋಟೊ ತೆಗೆದು, ನೀರು ಕುಡಿದು, ಏನಾದರೂ ತಿಂದೇ ಇಳಿಯಲು ಶುರು ಮಾಡಿ. ಹಗ್ಗ ಮುಗಿದು ಸುಲಭದ ಕಲ್ಲು ಬಂದಾಗ ಗಮನ ಸಡಿಲವಾಗುತ್ತದೆ. ಅಲ್ಲಿ ಬೇಕಾದರೆ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಎಣಿಸಿ.

ಕೊನೆಯದಾಗಿ ಟಿಕೆಟ್ ವಿಚಾರ. ಬಿಸಿ ಜಾಸ್ತಿಯಾದ ವರ್ಷ ಬಂಡೆಯ ಬಿರುಕಿನಲ್ಲಿರುವ ಹಿಮ ಕರಗಿ ಕಲ್ಲು ಉದುರುತ್ತದೆ. 2003ರ ಜುಲೈನಲ್ಲಿ ಈ ಏಣಿನಲ್ಲೇ ದೊಡ್ಡ ಕುಸಿತವಾಗಿತ್ತು. 2022ರ ಬೇಸಿಗೆಯಲ್ಲೂ ಗೈಡ್‌ಗಳು ಕೆಲವು ದಿನ ಹತ್ತಿಸೋದನ್ನು ನಿಲ್ಲಿಸಿದ್ದರು. ಹೊಸ ಹಿಮ ಬಿದ್ದರೂ ಕಾಯಬೇಕು. ಅದಕ್ಕೆ ವಾಪಸ್ ಬರುವ ವಿಮಾನ ಬುಕ್ ಮಾಡುವಾಗ ಕನಿಷ್ಠ ಮೂರು ದಿನ ಖಾಲಿ ಬಿಟ್ಟಿರಿ. ಆ ಮೂರು ದಿನದಲ್ಲೂ ಹವಾಮಾನ ಸರಿಹೋಗದಿದ್ದರೆ ಪೊಲಕ್ಸ್ ಹತ್ತಿದ ಕಾಲುಗಳನ್ನು ಹಾಗೇ ಊರಿಗೆ ಕರೆತಂದು, ನವೆಂಬರ್‌ನಲ್ಲಿ ಮತ್ತೆ ಹೆಜ್ಜೆ ಒಂದರಿಂದ ಶುರು ಮಾಡಿ.