ನೋಂದಣಿಯಿಲ್ಲದ ಶಿಶುಪಾಲನೆ: ಹೆತ್ತವರ ಆತಂಕ ಅಳೆಯುವ ಪ್ರಶ್ನಾವಳಿಯನ್ನು ಒರೆಗೆ ಹಚ್ಚುವ ಬಗೆ
ಮಂಜೇಶ್ವರ, ಬದಿಯಡ್ಕದ ಕಡೆ ನೋಂದಣಿಯಿಲ್ಲದ ಪಾಲನಾ ಮನೆಗಳಲ್ಲಿ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವ ಹೆತ್ತವರು ಕಾಣುವ ಅಪಾಯಗಳನ್ನು ಅಳೆಯುವ ಪ್ರಶ್ನಾವಳಿಯನ್ನು, ಮೊದಲು ಮಕ್ಕಳ ವೈದ್ಯರು, ಅಂಗನವಾಡಿ ಕಾರ್ಯಕರ್ತೆಯರು ಸೇರಿದಂತೆ 10 ಮಂದಿ ಬಲ್ಲವರಿಗೆ ತೋರಿಸಿ, ಪ್ರತಿ ಪ್ರಶ್ನೆಯೂ ಅಗತ್ಯವೇ ಎಂದು ಕೇಳಬೇಕು. ‘ಅಗತ್ಯ’ ಎಂದವರು ಅರ್ಧಕ್ಕಿಂತ ಎಷ್ಟು ಹೆಚ್ಚಿದ್ದಾರೋ ಅದನ್ನು ಆ ಅರ್ಧದಿಂದ ಭಾಗಿಸಿದರೆ ಬರುವ ಅನುಪಾತ, ಸಂಶೋಧಕ ಲಾಶೆಯವರ 1975ರ ಕೋಷ್ಟಕದ ಪ್ರಕಾರ, 10 ಮಂದಿಗೆ ಕನಿಷ್ಠ 0.62 ಇರಬೇಕು (8 ಮಂದಿಯಾದರೆ 0.60, 9 ಮಂದಿಯಾದರೆ 0.80); ಅಂದರೆ 9 ಮಂದಿಯಾದರೂ ‘ಅಗತ್ಯ’ ಎನ್ನದ ಪ್ರಶ್ನೆಯನ್ನು ಕೈಬಿಡಬೇಕು.

ಅನಂತರದ ಹಂತವೇ ನಿಜವಾಗಿ ಕಠಿಣ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಕೆಲವು ತಾಯಂದಿರಿಗೆ ಕನ್ನಡ ಪ್ರಶ್ನೆಯನ್ನು ಓದಿ ಹೇಳಿ, ಅರ್ಥವಾದದ್ದನ್ನು ಅವರ ಮಾತಿನಲ್ಲೇ ಹೇಳಿಸಬೇಕು. ‘ಆ ಮನೆ ಸುರಕ್ಷಿತವೇ?’ ಎಂದರೆ ಒಬ್ಬರು ಕಟ್ಟೆಯಿಲ್ಲದ ಬಾವಿಯನ್ನೂ ಇನ್ನೊಬ್ಬರು ನೋಡಿಕೊಳ್ಳುವವರ ಸ್ವಭಾವವನ್ನೂ ನೆನೆಯಬಹುದಾದ್ದರಿಂದ, ಅದನ್ನು ಎರಡು ಪ್ರಶ್ನೆಗಳಾಗಿ ಒಡೆಯುವುದು ಲೇಸು. ಮಗುವನ್ನು ನೋಡಿಕೊಳ್ಳುವವರು ನೆರೆಯವರೇ ಆಗಿದ್ದರೆ ದಾಕ್ಷಿಣ್ಯದ ಉತ್ತರವೇ ಬರುವುದರಿಂದ ಸಂದರ್ಶನ ಅವರ ಕಿವಿಗೆ ಬೀಳದಂತಿರಲಿ.

ಪ್ರಾಯೋಗಿಕ ಸಮೀಕ್ಷೆಯಲ್ಲಿ ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ) 0.70 ದಾಟಿದರೆ ಸಾಮಾನ್ಯವಾಗಿ ಸಾಕು, 0.95 ಮೀರಿದರೆ ಒಂದೇ ಪ್ರಶ್ನೆಯನ್ನು ಮಾತು ಬದಲಿಸಿ ಕೇಳಿರುವ ಸಂಶಯವಿದೆ. ಎರಡು ವಾರಗಳ ಬಳಿಕ ಅದೇ ಹೆತ್ತವರಲ್ಲಿ ಮತ್ತೆ ಕೇಳಿ, ಉತ್ತರಗಳನ್ನು ತಾಳೆ ನೋಡಬೇಕು.