ಅಮ್ಮನ ಬಿ.ಪಿ. ಮೀಟರಿನಿಂದ ಸರಿಹೋದ ರಾಜದೂತ್ 350

ಮೊನ್ನೆ ಭಾನುವಾರ ಬೆಳಿಗ್ಗೆ ಹಾಸನ ಬಿಟ್ಟು, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಗುಂಡ್ಯದವರೆಗೆ ಹೋಗಿ ಬಂದೆ. ಮನೆ ಮುಂದೆ ನಿಲ್ಲಿಸಿ ರೇಸ್ ಬಿಟ್ಟೆ. ಇಂಜಿನ್ ಸೀದಾ ಐಡ್ಲಿಂಗಿಗೆ ಇಳಿದು ಅಲ್ಲೇ ನಿಂತಿತು. ಓಲಾಡಲಿಲ್ಲ, ತಾನಾಗಿಯೇ ಮೇಲೆ ಹೋಗಿ ಕೂಗಲೂ ಇಲ್ಲ. ಇಷ್ಟು ಕೇಳೋದಕ್ಕೆ ನನಗೆ ಮೂರು ವರ್ಷಕ್ಕಿಂತ ಜಾಸ್ತಿ ಹಿಡಿದಿದೆ.

ಗಾಡಿ ರಾಜದೂತ್ 350, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಬೈಕು, 1984ರ ಎಚ್.ಟಿ. (ಹೈ ಟಾರ್ಕ್) ಮಾದರಿ. ಇಟ್ಟುಕೊಂಡವರಿಗೆ ಪರಿಚಯ ಬೇಕಿಲ್ಲ. ಯಮಹಾ ಆರ್.ಡಿ. 350 ಅನ್ನು ಎಸ್ಕಾರ್ಟ್ಸ್‌ನವರು 1983ರಲ್ಲಿ ಇಲ್ಲಿ ತಂದರು. ಎಚ್.ಟಿ.ಗೆ 30.5 ಎಚ್.ಪಿ., ಆಮೇಲೆ ಮೈಲೇಜಿಗಾಗಿ ಕೈಕಾಲು ಕಟ್ಟಿ ಬಿಟ್ಟ ಎಲ್.ಟಿ.ಗೆ (ಲೋ ಟಾರ್ಕ್) 27. ನನ್ನದನ್ನು ಕೊಂಡಾಗ ಎಂಬತ್ತೈದು ಸಾವಿರ ಕೊಟ್ಟ ನೆನಪು. ಈಗ ಆ ದುಡ್ಡಿಗೆ ಇಂಜಿನ್ ಇಲ್ಲದ ಚಾಸಿಸ್ ಸಿಕ್ಕರೂ ಪುಣ್ಯ.

ತೊಂದರೆ ಶುರುವಾಗಿದ್ದು ಹೀಗೆ. ಇಂಜಿನ್ ಬಿಸಿಯಾದ ಮೇಲೆ ರೇಸ್ ಬಿಟ್ಟರೆ ಆರ್.ಪಿ.ಎಂ. ಕೆಳಗೆ ಬರುತ್ತಿರಲಿಲ್ಲ. ಎರಡೂವರೆ ಸಾವಿರದಲ್ಲೇ ನಿಂತು, ಒಂದಷ್ಟು ಹೊತ್ತು ಆಡಿ, ಆಮೇಲೆ ದಿಢೀರಂತ ಬಿದ್ದು ಆಫ್ ಆಗುತ್ತಿತ್ತು. ಪ್ಲಗ್ ಬಿಚ್ಚಿದರೆ ಬಲಗಡೆಯದು ಚೆನ್ನಾಗಿ ಕಾಫಿಪುಡಿ ಬಣ್ಣ, ಎಡಗಡೆಯದು ಸುಣ್ಣ ಬಳಿದ ಹಾಗೆ ಬಿಳಿ. ಎಡಗಡೆ ಲೀನ್ ಓಡ್ತಿದೆ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಅನ್ನೋದು ಯಾರಿಗಾದರೂ ಗೊತ್ತಾಗುತ್ತೆ. ಯಾಕೆ ಲೀನ್ ಅನ್ನೋದರಲ್ಲೇ ನಾನು ಎಡವಿದ್ದು.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬೋರೇಟರ್. ನಾನೂ ಅದನ್ನೇ ನಂಬಿದೆ. ಬಿಚ್ಚಿ ತೊಳೆದೆ, ಪೈಲಟ್ ಜೆಟ್ಟಿಗೆ (ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತು) ಗಾಳಿ ಹೊಡೆದೆ, ಫ್ಲೋಟ್ ಸರಿಮಾಡಿದೆ, ನೀಡಲ್ ಕ್ಲಿಪ್ ಒಂದು ಗೀರು ಇಳಿಸಿದೆ. ಎರಡು ದಿನ ಸರಿ ಇದ್ದಂಗೆ ಅನಿಸಿ, ಮೂರನೇ ದಿನ ಮತ್ತೆ ಅದೇ. ಎಡಕ್ಕೆ ಮೇನ್ ಜೆಟ್ ಒಂದು ಸೈಜ್ ಏರಿಸಿದೆ, ಆಮೇಲೆ ಇನ್ನೊಂದು. ಫುಲ್ ರೇಸಿನಲ್ಲಿ ಪ್ಲಗ್ ಬಣ್ಣ ಸ್ವಲ್ಪ ಬಂತು, ಆದರೆ ಐಡ್ಲಿಂಗ್ ಹಾಗೇ ಉಳಿಯಿತು. ಕೊನೆಗೆ ಕಾರ್ಬೋರೇಟರ್ ಬಾಡಿಯೇ ಸವೆದಿರಬೇಕು ಅಂತ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆ ಸುತ್ತಿ ಹೊಸ ಜೋಡಿ ತಂದೆ. ಒಂಬತ್ತು ಸಾವಿರದ ಹತ್ತಿರ ಹೋಯಿತು. ನೋಡಲು ಅಸಲಿ ಮಿಕುನಿ ಥರಾನೇ ಇತ್ತು. ಗಾಳಿಯ ದಾರಿ ತೆರೆದು ಮುಚ್ಚೋ ಸ್ಲೈಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗಲೇ ಗೊತ್ತಾಯಿತು, ನನ್ನ ಹಳೆಯದೇ ಇದಕ್ಕಿಂತ ಬಿಗಿಯಾಗಿತ್ತು. ಆ ಜೋಡಿ ಇವತ್ತಿಗೂ ಡಬ್ಬದಲ್ಲೇ ಇದೆ.

ಆಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಎಡ ಪಿಸ್ಟನ್ ಬಿಸಿಗೆ ಉಬ್ಬಿ ಸಿಲಿಂಡರಿನಲ್ಲಿ ಹಿಡಿಯುತ್ತೇನೋ ಅನ್ನೋ ಹೆದರಿಕೆಯಿಂದ ಪೆಟ್ರೋಲಿಗೆ ಟೂಟಿ ಆಯಿಲ್ ಜಾಸ್ತಿ ಹಾಕತೊಡಗಿದೆ. ಲೀಟರಿಗೆ ಮೂವತ್ತು ಎಂ.ಎಲ್. ಹಾಕುತ್ತಿದ್ದವನು ಐವತ್ತಕ್ಕೆ ಹೋದೆ. ಆಯಿಲ್ ಜಾಸ್ತಿಯಾದರೆ ಅದೇ ಜೆಟ್ಟಿನಲ್ಲಿ ಹೋಗೋ ಪೆಟ್ರೋಲ್ ಕಮ್ಮಿಯಾಗುತ್ತೆ, ಅಂದರೆ ಮಿಕ್ಸ್ಚರ್ ಇನ್ನಷ್ಟು ಲೀನ್. ಇದು ನನಗೆ ಹೊಳೆದದ್ದು ಗಾಡಿ ಹಿಡಿದ ಮೇಲೆ. ಚನ್ನರಾಯಪಟ್ಟಣ ದಾಟಿದ ಮೇಲಿನ ನೇರ ರಸ್ತೆಯಲ್ಲಿ, ಐದನೇ ಗೇರಿನಲ್ಲಿ, ತುಂಬಾ ಹೊತ್ತು ಒಂದೇ ವೇಗದಲ್ಲಿ ಹೋಗಿ ರೇಸ್ ಬಿಟ್ಟೆ ನೋಡಿ, ಅಷ್ಟೇ. ಹಿಂದಿನ ಚಕ್ರ ಕೀರಲು ಶುರುವಾಯಿತು, ಕೈ ತಾನಾಗಿಯೇ ಕ್ಲಚ್ ಹಿಡಿಯಿತು, ಗಾಡಿ ಪಕ್ಕಕ್ಕೆ ಬಂತು. ಟೂ ಸ್ಟ್ರೋಕ್ ಓಡಿಸುವವರು ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇಟ್ಟಿರುತ್ತಾರಲ್ಲ, ಅವತ್ತು ಆ ಅಭ್ಯಾಸವೇ ಕಾಪಾಡಿತು.

ಬೋರ್ ಮಾಡಿಸಿ, ಅಂದರೆ ಸಿಲಿಂಡರ್ ಒಳಗೆ ಕೊರೆಸಿ ಅಗಲ ಮಾಡಿಸಿ, 0.25 ಎಂ.ಎಂ. ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಎರಡೂ ಕಡೆ ಸೇರಿ ಹನ್ನೊಂದು ಸಾವಿರವೋ ಹನ್ನೆರಡೋ. ರನ್ನಿಂಗ್ ಇನ್ ಮುಗಿಯುವ ಮೊದಲೇ ಎಡಗಡೆಯದು ಮತ್ತೆ ಗೀರಿತು. ಇನ್ನೊಮ್ಮೆ ಬೋರ್, 0.50 ಪಿಸ್ಟನ್, ಮತ್ತೆ ಅಷ್ಟೇ ದುಡ್ಡು. ಈ ಬ್ಯಾರೆಲ್‌ಗಳಿಗೆ ಬೋರ್ ಅನ್ನೋದು ಬ್ಯಾಂಕಿನಲ್ಲಿಟ್ಟ ದುಡ್ಡಿದ್ದ ಹಾಗೆ, ತೆಗೆದಷ್ಟೂ ಕಮ್ಮಿ. ಅವತ್ತು ರಾತ್ರಿ ಶೆಡ್ಡಿನಲ್ಲಿ ಪಿಸ್ಟನ್ ಕೈಯಲ್ಲಿ ಹಿಡಿದು ಕೂತಿದ್ದಾಗ ಒಂದು ವಿಚಾರ ಬಂತು. ಕಾರ್ಬೋರೇಟರ್ ಅದಲುಬದಲು ಮಾಡಿ ನೋಡಿದ್ದೇನೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ರೋಗ ಮಾತ್ರ ಎಡಗಡೆಯೇ ಉಳಿದಿದೆ. ಹಾಗಿದ್ದ ಮೇಲೆ ಇನ್ನೂ ಯಾಕೆ ಕಾರ್ಬೋರೇಟರನ್ನೇ ಬೈಯ್ಯುತ್ತಾ ಕೂತಿದ್ದೇನೆ?

ಪಿಸ್ಟನ್ ತಿರುಗಿಸೋ ಕ್ರ್ಯಾಂಕಿನ ಎಡ ತುದಿಯ ಆಯಿಲ್ ಸೀಲ್, ಅಂದರೆ ಸುತ್ತ ಕೂತ ರಬ್ಬರ್ ಉಂಗುರ, ಸೋರುತ್ತಿದೆ ಅನ್ನೋ ಅನುಮಾನ ಅಲ್ಲಿ ಹುಟ್ಟಿತು. ಬಲಗಡೆಯ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತೆ, ದಾರಿಯಲ್ಲಿ ಹೋಗುವವರೂ ಹೇಳುತ್ತಾರೆ. ಎಡಗಡೆಯದು ಹೋದರೆ ಬರೀ ಗಾಳಿ ಎಳೆಯುತ್ತೆ, ಏನೂ ಕಾಣಿಸಲ್ಲ. ಗಾಳಿ ಎಳೆಯುತ್ತಾ ಅಂತ ಮ್ಯಾನಿಫೋಲ್ಡ್ ಸುತ್ತ ಸ್ಪ್ರೇ ಹೊಡೆದು ನೋಡೋ ಪರೀಕ್ಷೆ ನಾನು ಹತ್ತು ಸಲ ಮಾಡಿದ್ದೆ. ಏನೂ ಸಿಕ್ಕಿರಲಿಲ್ಲ. ಸಿಗೋದಾದರೂ ಹೇಗೆ? ಸೋರೋ ಜಾಗ ಕರೆಂಟ್ ತಯಾರಿಸೋ ರೋಟರ್ ಹಿಂದೆ, ಕವರಿನ ಒಳಗೆ.

ನಮ್ಮ ಹಳೇ ಮೇಸ್ತ್ರಿಗೆ ಹೇಳಿದೆ. "ಸಾರ್, ಹೊಗೆ ಇಲ್ಲ, ಏನಿಲ್ಲ, ಸೀಲ್ ಹೇಗೆ ಹೋಗುತ್ತೆ? ಸುಮ್ನೆ ಕೇಸ್ ಬಿಚ್ಚಿಸಿ ದುಡ್ಡು ಹಾಳು ಮಾಡ್ಕೋಬೇಡಿ" ಅಂದರು. ಅವರ ಮೇಲೆ ನನಗೆ ಗೌರವ ಇದೆ, ಕೈಗುಣ ಇರುವ ಮನುಷ್ಯ. ಆದರೆ ಈ ವಿಷಯದಲ್ಲಿ ಅವರು ತಪ್ಪು, ನಾನು ಸರಿ. ಅದನ್ನು ತೋರಿಸಲೇಬೇಕು ಅಂತ ಪ್ರೆಶರ್ ಟೆಸ್ಟಿಗೆ ಕೈ ಹಾಕಿದೆ.

ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ: ಇಂಜಿನ್ನಿನ ಎಲ್ಲ ಬಾಯಿ ಮುಚ್ಚಿ, ಆರು ಪಿ.ಎಸ್.ಐ. ಗಾಳಿ ತುಂಬಿ, ಆರು ನಿಮಿಷ ನಿಲ್ಲುತ್ತಾ ನೋಡೋದು. ಗೊತ್ತಿದ್ದರೂ ಮಾಡುವವರು ಕಮ್ಮಿ, ಯಾಕಂದರೆ ಅಷ್ಟು ಕಮ್ಮಿ ಒತ್ತಡ ತೋರಿಸೋ ಮೀಟರ್ ಯಾರ ಹತ್ತಿರವೂ ಇರಲ್ಲ. ಟಯರ್ ಗೇಜಿನಲ್ಲಿ ಆರು ಅಂದರೆ ಮುಳ್ಳು ಅಲ್ಲಾಡೋದೂ ಇಲ್ಲ. ಅಮ್ಮನಿಗೆ ಬಿ.ಪಿ. ನೋಡುವಾಗ ಒಂದು ದಿನ ಡಯಲ್ ಕಡೆ ಕಣ್ಣು ಹೋಯಿತು. 300 ಎಂ.ಎಂ. ಅಂದರೆ ಎಷ್ಟಾಯಿತು? ಲೆಕ್ಕ ಹಾಕಿದೆ, 5.8 ಪಿ.ಎಸ್.ಐ. ಕೈಪಂಪು, ಗಾಳಿ ಬಿಡೋ ಸ್ಕ್ರೂ, ಡಯಲ್, ಎಲ್ಲ ಒಂದೇ ಕಡೆ! ಅಮ್ಮನಿಗೆ ಹೊಸ ಡಿಜಿಟಲ್ ಮೀಟರ್ ತಂದುಕೊಟ್ಟು ಹಳೆಯದನ್ನು ಶೆಡ್ಡಿಗೆ ಒಯ್ದೆ. ಗೆಳೆಯನೊಬ್ಬ ನೋಡಿ "ಗಾಡಿಗೆ ಬಿ.ಪಿ. ಬಂದಿದ್ಯೇನೋ" ಅಂತ ಬಿದ್ದು ಬಿದ್ದು ನಕ್ಕ. ನಗಲಿ ಅಂದುಕೊಂಡೆ.

ಇಂಟೇಕ್ ರಬ್ಬರುಗಳಿಗೆ ಲೇತಿನಲ್ಲಿ ನೈಲಾನ್ ಬಿರಡೆ ಎರಡು ಮಾಡಿಸಿದೆ. ಒಂದಕ್ಕೆ ತೂತು ಕೊರೆದು ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ, ಒಳಗಿನ ಪಿನ್ ತೆಗೆದು, ಬಿ.ಪಿ. ಟ್ಯೂಬ್ ಸಿಕ್ಕಿಸಿದೆ. ಇಂಟೇಕಿನಲ್ಲಿರೋ ರೀಡ್ ವಾಲ್ವ್ ಒಂದೇ ಕಡೆ, ಒಳಮುಖವಾಗಿ ತೆರೆಯುತ್ತೆ, ಹಾಗಾಗಿ ಗಾಳಿ ಇಂಟೇಕಿನಿಂದ ಹೋಗೋದೇ ಒಳ್ಳೆಯದು. ರಬ್ಬರ್, ರೀಡ್ ಬ್ಲಾಕಿನ ಗ್ಯಾಸ್ಕೆಟ್ ಎಲ್ಲ ಒಟ್ಟಿಗೆ ಪರೀಕ್ಷೆ ಆಗುತ್ತೆ. ಎರಡು ಕಡೆಯನ್ನೂ ಒಟ್ಟಿಗೇ ಮುಚ್ಚಬೇಕು, ಯಾಕಂದರೆ ಎರಡು ಸಿಲಿಂಡರಿನ ಕ್ರ್ಯಾಂಕ್ ನಡುವಿನ ಲ್ಯಾಬಿರಿಂತ್ ಸೀಲ್ ಹೊಸದಿದ್ದರೂ ಸ್ವಲ್ಪ ಬಿಡುತ್ತೆ. ಎಕ್ಸಾಸ್ಟ್ ಪೋರ್ಟಿಗೆ ಏನು ಹಾಕಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಎರಡು ವಾರ ತಲೆ ಕೆಡಿಸಿಕೊಂಡಿದ್ದೇನೆ, ನೀವೂ ಸ್ವಲ್ಪ ಕೆಡಿಸಿಕೊಳ್ಳಿ. ಒಟ್ಟು ಖರ್ಚು, ಲೇತ್ ಕೂಲಿ ಸೇರಿ, ಇನ್ನೂರೈವತ್ತು ರೂಪಾಯಿ.

ಮೊದಲ ಮೂರು ಸಂಜೆ ಬರೀ ನನ್ನ ಬಿರಡೆಗಳೇ ಸೋರಿದವು. ಇದನ್ನು ಯಾರೂ ಹೇಳಿರಲಿಲ್ಲ: ಇಂಜಿನ್ನಿಗಿಂತ ಮೊದಲು ಕಿಟ್ಟನ್ನೇ ಪರೀಕ್ಷೆ ಮಾಡಬೇಕು. ಟ್ಯೂಬನ್ನು ಮಡಚಿ ಹಿಡಿದು ಪಂಪ್ ಮಾಡಿದೆ, ಅದರಲ್ಲೇ ಮುಳ್ಳು ಇಳಿಯುತ್ತಿತ್ತು. ಕೈಪಂಪಿನ ಸ್ಕ್ರೂ ಹತ್ತಿರ ಸಣ್ಣ ಬಿರುಕು. ಅದನ್ನು ಸರಿಮಾಡಿ, ಕ್ಲಿಪ್ ಬಿಗಿಮಾಡಿ, ನಾಲ್ಕನೇ ಸಂಜೆ 300ಕ್ಕೆ ಏರಿಸಿದೆ. ಇಪ್ಪತ್ತು ಸೆಕೆಂಡ್ ಕೂಡ ಆಗಿರಲಿಕ್ಕಿಲ್ಲ, ಮುಳ್ಳು ಸೊನ್ನೆಗೆ ಬಂದು ಬಿತ್ತು. ಎಡ ಕವರ್, ಪಾಯಿಂಟ್ ಪ್ಲೇಟ್, ರೋಟರ್ ಎಲ್ಲ ತೆಗೆದು ಸೋಪಿನ ನೀರು ಬ್ರಷ್ಷಿನಲ್ಲಿ ಹಚ್ಚಿದೆ. ಮತ್ತೆ ಪಂಪ್. ಕ್ರ್ಯಾಂಕ್ ಸುತ್ತ, ಗಡಿಯಾರದ ಎಂಟು ಗಂಟೆ ಇರುವ ಜಾಗದಲ್ಲಿ, ಮೊದಲು ಸಾಸಿವೆಯಷ್ಟು ಗುಳ್ಳೆ, ಆಮೇಲೆ ಕಡಲೆಯಷ್ಟು, ಒಂದರ ಹಿಂದೆ ಒಂದು ಉಬ್ಬುತ್ತಾ ಒಡೆಯುತ್ತಾ ಬಂದವು. ಎಡ ಸಿಲಿಂಡರಿನ ಬೇಸ್ ಗ್ಯಾಸ್ಕೆಟ್ಟಿನಲ್ಲೂ ಒಂದು ಸಣ್ಣ ಸಾಲು. ಅಲ್ಲೇ ಮೊಬೈಲಿನಲ್ಲಿ ವಿಡಿಯೋ ಮಾಡಿ ಮೇಸ್ತ್ರಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವರೇ ಬಂದು ಕೂತು, ಇನ್ನೊಂದು ಸಲ ಪಂಪ್ ಮಾಡಿ ಅಂದರು.

ಒಂದು ಎಚ್ಚರಿಕೆ. ಕಂಪ್ರೆಸರ್ ಗಾಳಿ ಯಾವತ್ತೂ ಬಿಡಬೇಡಿ. ಒತ್ತಡ ಜಾಸ್ತಿಯಾದರೆ ಚೆನ್ನಾಗಿರೋ ಸೀಲೇ ಜಾಗ ಬಿಟ್ಟು ಎದ್ದು ಬರುತ್ತೆ.

ಕೇಸ್ ಬಿಚ್ಚಿದ್ದು ಮೇಸ್ತ್ರಿ ಜೊತೆಗೇ. ಇಂಜಿನ್ ತಲೆಕೆಳಗು ಮಾಡಿ ಕೆಳಗಿನ ಅರ್ಧ ಎತ್ತಿದರೆ ಎಲ್ಲ ಕಣ್ಣ ಮುಂದೆ. ಎಡ ಸೀಲಿನ ತುಟಿ ಉಗುರಿನಲ್ಲಿ ಒತ್ತಿದರೆ ಬಗ್ಗಲಿಲ್ಲ, ಪಟ್ ಅಂತ ಮುರಿಯಿತು. ವರ್ಷಗಳ ಬಿಸಿಗೆ ರಬ್ಬರ್ ಪ್ಲಾಸ್ಟಿಕ್ ಆಗಿಹೋಗಿತ್ತು. ಎರಡೂ ಕಡೆ ಬಿಸಿ ತಡೆಯೋ ವೈಟಾನ್ ರಬ್ಬರಿನ ಸೀಲ್ ಹಾಕಿದೆ, ಮಾಮೂಲಿಗಿಂತ ಮೂರು ಪಟ್ಟು ದುಬಾರಿ, ಆದರೂ ಕೊಡಬೇಕು. ಸೀಲು, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ಎಂಟು ಸಾವಿರದ ಒಳಗೆ. ಅದಕ್ಕೆ ಮೊದಲು ಕಾರ್ಬೋರೇಟರ್, ಜೆಟ್ಟು, ನೀಡಲ್, ಎರಡು ಬೋರ್, ಬೆಂಗಳೂರು ಓಡಾಟ ಅಂತ ಕಳೆದದ್ದು ಐವತ್ತು ಸಾವಿರಕ್ಕೆ ಕಮ್ಮಿ ಇಲ್ಲ. ಜೋಡಿಸಿದ ಮೇಲೆ ಮತ್ತೆ ಟೆಸ್ಟ್ ಮಾಡಿದೆವು. 300ಕ್ಕೆ ಏರಿಸಿ, ಚಹಾ ಕುಡಿದು ಬಂದು ನೋಡಿದರೆ 285.

ಟ್ಯೂನಿಂಗ್ ಅನ್ನೋದು ನಿಜವಾಗಿ ಶುರುವಾಗಿದ್ದು ಅಲ್ಲಿಂದ. ಸೋರಿಕೆಗೆ ಅಂತ ಏರಿಸಿದ್ದ ಜೆಟ್ಟುಗಳು ಈಗ ವಿಪರೀತ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ, ಗಾಡಿ ಬುಡುಬುಡು ಅಂತ ಫೋರ್ ಸ್ಟ್ರೋಕ್ ಥರ ಓಡತೊಡಗಿತು. ಎಲ್ಲ ಇಳಿಸಿ ಮೊದಲಿದ್ದ ಜಾಗಕ್ಕೇ ಬಂದೆ. ಟೈಮಿಂಗ್ (ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಎಷ್ಟು ಮೊದಲು ಕಿಡಿ ಹಾರುತ್ತೆ ಅನ್ನೋದು) ಡಯಲ್ ಗೇಜ್ ಹಾಕಿ ನೋಡಿದರೆ ಬಲಕ್ಕೆ 2.0 ಎಂ.ಎಂ. ಸರಿಯಾಗಿದೆ, ಎಡಕ್ಕೆ 2.4. ಅಂದರೆ ಲೀನ್ ಸಾಲದು ಅಂತ ಮೇಲೆ ಅಡ್ವಾನ್ಸ್ ಬೇರೆ, ಕಿಡಿ ಬೇಗ ಹಾರುತ್ತಿತ್ತು! ಎರಡನ್ನೂ 2.0ಕ್ಕೆ ತಂದೆ. ಸ್ಲೈಡ್ ಹೊಂದಿಸೋದಕ್ಕೆ ಮೀಟರ್ ಏನೂ ಬೇಡ, ಒಂದೇ ಸೈಜಿನ ಎರಡು ಡ್ರಿಲ್ ಬಿಟ್ಟಿನ ಹಿಂಭಾಗ ಎರಡೂ ಸ್ಲೈಡಿನ ಕೆಳಗೆ ಸಿಕ್ಕಿಸಿ, ರೇಸನ್ನು ಉಸಿರು ಬಿಗಿಹಿಡಿದು ನಿಧಾನಕ್ಕೆ ತಿರುಗಿಸಿ. ಎರಡೂ ಒಟ್ಟಿಗೆ ಉದುರುವ ತನಕ ಕೇಬಲ್ ಅಡ್ಜಸ್ಟ್ ಮಾಡಿ.

ಆಮೇಲೆ ಮೇನ್ ಜೆಟ್ ಮಾತ್ರ ಒಂದು ಸೈಜ್ ಮೇಲಕ್ಕೆ ಹಾಕಿದೆ. ಒಂದು ಕಾರಣ ಈಗಿನ ಇ20, ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಸೇರಿದ ಪೆಟ್ರೋಲಿಗೆ ಗಾಳಿ ಕಮ್ಮಿ ಸಾಕು, ಅಂದರೆ ಹಳೇ ಜೆಟ್ಟಿನಲ್ಲಿ ಅದು ಲೀನ್ ಆಗೇ ಉರಿಯುತ್ತೆ. ಇನ್ನೊಂದು ಕಾರಣ ಘಾಟಿ. ಹಾಸನ ಸಾವಿರ ಮೀಟರ್ ಹತ್ತಿರ ಎತ್ತರದಲ್ಲಿದೆ, ಇಲ್ಲಿ ಸರಿಯಾಗಿ ಕೂತ ಜೆಟ್ ಗುಂಡ್ಯ ಇಳಿದು ಮಂಗಳೂರು ಕಡೆ ಹೋದರೆ ಲೀನ್ ಆಗುತ್ತೆ, ಅಲ್ಲಿ ಗಾಳಿ ದಟ್ಟ. ಘಾಟಿಯ ಕೆಳಗೆ ಹೋಗುವವನು ಊರಲ್ಲಿ ಸ್ವಲ್ಪ ರಿಚ್ ಇಟ್ಟುಕೊಳ್ಳಲೇಬೇಕು. ಜೆಟ್ ನಂಬರ್ ಬರೆಯಲ್ಲ. ನಿಮ್ಮ ಸೈಲೆನ್ಸರ್ ಬೇರೆ, ಫಿಲ್ಟರ್ ಬೇರೆ, ನನ್ನ ನಂಬರ್ ಹಾಕಿ ಪಿಸ್ಟನ್ ಹಿಡಿಸಿಕೊಂಡರೆ ನನಗೆ ನಿದ್ದೆ ಬರಲ್ಲ. ಮೂರನೇ ಗೇರಿನಲ್ಲಿ ಫುಲ್ ರೇಸ್ ಎಳೆದು, ಅಲ್ಲೇ ಕೀ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ಪಿಂಗಾಣಿಯ ಬುಡದಲ್ಲಿರೋ ಉಂಗುರ ನೋಡಿ. ತುದಿಯ ಬಣ್ಣ ನಂಬಬೇಡಿ. ನಾನು ಎನ್.ಜಿ.ಕೆ. ಬಿ8ಎಚ್.ಎಸ್. ಹಾಕುತ್ತೇನೆ, ಈಗ ಎರಡೂ ಉಂಗುರ ಒಂದೇ ಬಣ್ಣ.

ನಡುವೆ ಏರ್‌ಬಾಕ್ಸ್ ಕಿತ್ತು ಪಾಡ್ ಫಿಲ್ಟರ್ (ಕಾರ್ಬೋರೇಟರಿಗೇ ನೇರ ಸಿಕ್ಕಿಸೋ ಗಾಳಿ ಫಿಲ್ಟರ್) ಹಾಕಿಯೂ ನೋಡಿದೆ. ಸದ್ದು ಮೈ ಜುಮ್ಮೆನ್ನಿಸುತ್ತೆ, ಆದರೆ ನಾಲ್ಕು ಸಾವಿರ ಆರ್.ಪಿ.ಎಂ.ನಲ್ಲಿ ಇಂಜಿನ್ನಿನ ಎಳೆತಕ್ಕೇ ದೊಡ್ಡ ಗುಂಡಿ ಬಿತ್ತು. ಎಷ್ಟು ಜೆಟ್ ಬದಲಿಸಿದರೂ ತುಂಬಲಿಲ್ಲ. ವಾರದೊಳಗೆ ಹಳೇ ಏರ್‌ಬಾಕ್ಸ್ ವಾಪಸ್.

ಈಗ ಆ ಬಿ.ಪಿ. ಮೀಟರಿಗೆ ಕೈತುಂಬ ಕೆಲಸ. ನಕ್ಕಿದ್ದ ಗೆಳೆಯ ತನ್ನ ಯೆಜ್ಡಿ ರೋಡ್‌ಕಿಂಗ್ ತಳ್ಳಿಕೊಂಡು ಬಂದ, ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದದ್ದು. ಅದೂ ಒಂದು ವರ್ಷದಿಂದ "ಕಾರ್ಬೋರೇಟರ್ ಪ್ರಾಬ್ಲಂ" ಅಂತ ಮೂಲೆಯಲ್ಲಿತ್ತು. 300 ಇದ್ದದ್ದು ಒಂದು ನಿಮಿಷದಲ್ಲಿ 40ಕ್ಕೆ ಬಂತು. ಸೀಲ್ ಚೆನ್ನಾಗಿತ್ತು, ಸೋರುತ್ತಿದ್ದದ್ದು ಇಂಟೇಕ್ ಫ್ಲೇಂಜ್. ಗಾಜಿನ ಮೇಲೆ ಎಮರಿ ಹಾಳೆ ಇಟ್ಟು ಉಜ್ಜಿ ಮಟ್ಟ ಮಾಡಿದೆವು, ಹೊಸ ಗ್ಯಾಸ್ಕೆಟ್ ಕತ್ತರಿಸಿದೆವು, ಅಷ್ಟೇ. ಮೇಸ್ತ್ರಿ ಕೂಡ ಎರಡು ಸಲ ಮೀಟರ್ ಕೇಳಿ ಒಯ್ದಿದ್ದಾರೆ.

ನನ್ನ ಗಾಡಿಯಲ್ಲಿ ಇನ್ನೂ ಒಂದು ಸಣ್ಣ ತಡವರಿಕೆ ಉಳಿದಿದೆ, ಮೂರು ಸಾವಿರದ ಹತ್ತಿರ, ರೇಸ್ ಮೆಲ್ಲಗೆ ಕೊಟ್ಟಾಗ ಮಾತ್ರ. ಕಳೆದ ವಾರ ಮತ್ತೆ ಪಂಪ್ ಮಾಡಿ ನೋಡಿದೆ, 300 ಏರಿಸಿದ್ದು ಆರು ನಿಮಿಷಕ್ಕೆ 280ರಲ್ಲಿ ನಿಂತಿದೆ. ಹಾಗಾಗಿ ಈ ಭಾನುವಾರ ಧೈರ್ಯವಾಗಿ ಕಾರ್ಬೋರೇಟರ್ ಬಿಚ್ಚುತ್ತೇನೆ.