ಮೊದಲ ನಡೆಗೂ ಮುಂಚಿನ ಪಟ್ಟಿ: ಮಹಿಳಾ ನಾರ್ಮ್ ಟೂರ್ನಿ ನಡೆಸುವ ಬಗೆ

ಹತ್ತು ಆಟಗಾರ್ತಿಯರು, ಒಂಬತ್ತು ಸುತ್ತು, ಎಲ್ಲರೂ ಎಲ್ಲರ ಎದುರು ಆಡುವ ರೌಂಡ್ ರಾಬಿನ್. ಅಂತಾರಾಷ್ಟ್ರೀಯ ಮಹಿಳಾ ಚೆಸ್ ಟೂರ್ನಿಗೆ ನಾವು ಆರಿಸಿಕೊಳ್ಳುವ ಮಾದರಿ ಇದು. 2025ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ನಡೆದ ಮಹಿಳಾ ಗ್ರ್ಯಾನ್ ಪ್ರಿ ಕೂಡ ಇದೇ ಅಳತೆಯದು. ಅಲ್ಲಿ ಕೋನೇರು ಹಂಪಿ ಮತ್ತು ಝು ಜಿನರ್ ಇಬ್ಬರೂ 7 ಅಂಕ ಗಳಿಸಿ, ಟೈಬ್ರೇಕ್‌ನಲ್ಲಿ ಹಂಪಿ ಗೆದ್ದರು. ನಮ್ಮದು ಅದಕ್ಕಿಂತ ಕೆಳಗಿನ ಮೆಟ್ಟಿಲು. 2100ರಿಂದ 2250ರ ರೇಟಿಂಗ್‌ನಲ್ಲಿರುವ ಹುಡುಗಿಯರಿಗೆ ಡಬ್ಲ್ಯುಜಿಎಂ (ಮಹಿಳಾ ಗ್ರ್ಯಾಂಡ್‌ಮಾಸ್ಟರ್), ಡಬ್ಲ್ಯುಐಎಂ (ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್) ನಾರ್ಮ್, ಅಂದರೆ ಆ ಪಟ್ಟದ ಮಟ್ಟದ ಆಟವನ್ನು ಒಂದು ಟೂರ್ನಿಯಲ್ಲಿ ಆಡಿದ್ದಕ್ಕೆ ಸಿಗುವ ಮಾನ್ಯತೆ, ಇಲ್ಲೇ ಸಿಗಬೇಕು, ಅದಕ್ಕಾಗಿ ಬುಡಾಪೆಸ್ಟಿಗೋ ಸರ್ಬಿಯಾಕ್ಕೋ ವಿಮಾನ ಹತ್ತುವ ಖರ್ಚು ಮನೆಯವರ ಮೇಲೆ ಬೀಳಬಾರದು ಎಂಬುದು ಉದ್ದೇಶ.

ಹಾಲ್, ಬಹುಮಾನ, ಉದ್ಘಾಟನೆ ಇವೆಲ್ಲ ಆಮೇಲಿನ ಮಾತು. ಹತ್ತು ಹೆಸರುಗಳ ಪಟ್ಟಿ ತಪ್ಪಿದರೆ ಎಷ್ಟು ಚೆನ್ನಾಗಿ ಆಡಿದರೂ ನಾರ್ಮ್ ಹುಟ್ಟುವುದಿಲ್ಲ.

ಪಟ್ಟಿಯನ್ನು ಒಬ್ಬೊಬ್ಬಳ ಕಡೆಯಿಂದಲೂ ಬೇರೆಬೇರೆಯಾಗಿ ನೋಡಬೇಕು. ಅವಳ ಒಂಬತ್ತು ಎದುರಾಳಿಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಅಂದರೆ ಐವರಿಗೆ, ಫಿಡೆ (ವಿಶ್ವ ಚೆಸ್ ಸಂಸ್ಥೆ) ಟೈಟಲ್ ಇರಬೇಕು. ಡಬ್ಲ್ಯುಎಫ್ಎಂ (ಮಹಿಳಾ ಫಿಡೆ ಮಾಸ್ಟರ್) ಲೆಕ್ಕಕ್ಕೆ ಬರುತ್ತದೆ, ಡಬ್ಲ್ಯುಸಿಎಂ (ಮಹಿಳಾ ಕ್ಯಾಂಡಿಡೇಟ್ ಮಾಸ್ಟರ್) ಬರುವುದಿಲ್ಲ. ಡಬ್ಲ್ಯುಜಿಎಂ ನಾರ್ಮ್ ಬೇಕಾದರೆ ಆ ಒಂಬತ್ತರಲ್ಲಿ ಮೂವರು ಡಬ್ಲ್ಯುಜಿಎಂ, ಐಎಂ (ಇಂಟರ್‌ನ್ಯಾಷನಲ್ ಮಾಸ್ಟರ್) ಅಥವಾ ಜಿಎಂ (ಗ್ರ್ಯಾಂಡ್‌ಮಾಸ್ಟರ್) ಆಗಿರಬೇಕು. ಸ್ವಂತ ಫೆಡರೇಶನ್ನಿನ ಎದುರಾಳಿಗಳು ಐದನೇ ಮೂರು ಪಾಲು ಮೀರುವಂತಿಲ್ಲ. ಒಂಬತ್ತರಲ್ಲಿ ಅದು ಐವರು. ಯಾವುದೇ ಒಂದು ಫೆಡರೇಶನ್ನಿನವರು ಮೂರನೇ ಎರಡು ಪಾಲು, ಅಂದರೆ ಆರು ಜನ, ದಾಟುವಂತಿಲ್ಲ. ತನ್ನದಲ್ಲದೆ ಇನ್ನೆರಡು ಫೆಡರೇಶನ್ನಿನವರನ್ನಾದರೂ ಎದುರಿಸಿರಬೇಕು. ಇವನ್ನೆಲ್ಲ ಕೂಡಿಸಿದರೆ ಭಾರತದಲ್ಲಿ ನಡೆಸುವವರಿಗೆ ಉಳಿಯುವ ಸುರಕ್ಷಿತ ಹಂಚಿಕೆ ಆರು ಭಾರತೀಯರು, ನಾಲ್ಕು ವಿದೇಶಿಯರು. ಆ ನಾಲ್ವರು ಎರಡು ದೇಶಗಳಿಂದಲಾದರೂ ಬರಬೇಕು.

ಏಳನೆಯ ಭಾರತೀಯಳು ಸೇರಿದ ಕ್ಷಣ ನಮ್ಮ ಪ್ರತಿ ಹುಡುಗಿಗೂ ಸ್ವದೇಶಿ ಎದುರಾಳಿಗಳು ಆರಾಗುತ್ತಾರೆ, ವಿದೇಶಿಯರಿಗೆ ಏಳು. ಎಲ್ಲರ ನಾರ್ಮ್ ಅವಕಾಶವೂ ಒಟ್ಟಿಗೇ ಹೋಯಿತು. ಹೊಸದಾಗಿ ಟೂರ್ನಿ ನಡೆಸುವವರು ಮುಗ್ಗರಿಸುವುದು ಇಲ್ಲಿಯೇ: ಬದಲಿ ಆಟಗಾರ್ತಿಯಾಗಿ ಊರಿನವಳನ್ನೇ ಇಟ್ಟುಕೊಳ್ಳುತ್ತಾರೆ. ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಳ್ಳುವವರು ಸಾಮಾನ್ಯವಾಗಿ ವಿದೇಶಿಯರು. ವೀಸಾ ಬರಲಿಲ್ಲ, ವಿಮಾನ ತಪ್ಪಿತು, ಲೀಗ್ ಪಂದ್ಯಕ್ಕೆ ಕರೆ ಬಂತು. ಹಾಗಾಗಿ ಬದಲಿಯೂ ವಿದೇಶಿಯಳೇ ಆಗಿರಲಿ. ಶ್ರೀಲಂಕಾ, ವಿಯೆಟ್ನಾಂ, ಮಂಗೋಲಿಯಾ, ಕಜಕಸ್ತಾನದ ಕಡೆಯಿಂದ ಒಬ್ಬಳನ್ನು ಮೊದಲೇ ಒಪ್ಪಿಸಿ, ವೀಸಾ ಮಾಡಿಸಿ ಇಟ್ಟಿರುತ್ತೇವೆ. ಒಬ್ಬಳ ಟಿಕೆಟ್ಟಿನ ಹಣ ಉಳಿಸಲು ಹೋಗಿ ಇಡೀ ಟೂರ್ನಿಯ ಅರ್ಥ ಕಳೆದುಕೊಳ್ಳಬಾರದು. ನೋಡಬೇಕಾದದ್ದು ಪಾಸ್‌ಪೋರ್ಟ್ ಅಲ್ಲ, ಫಿಡೆ ಪುಟದಲ್ಲಿ ಅವಳ ಹೆಸರಿನ ಮುಂದಿರುವ ಫೆಡರೇಶನ್.

ಇನ್ನು ಸರಾಸರಿ. ಡಬ್ಲ್ಯುಜಿಎಂ ನಾರ್ಮಿಗೆ ಬೇಕಾದ ಪರ್ಫಾರ್ಮೆನ್ಸ್ (ಎದುರಾಳಿಗಳ ಸರಾಸರಿ ರೇಟಿಂಗ್ ಮತ್ತು ಗಳಿಸಿದ ಅಂಕದಿಂದ ಲೆಕ್ಕ ಹಾಕುವ ಆಟದ ಮಟ್ಟ) 2400, ಡಬ್ಲ್ಯುಐಎಂಗೆ 2250. ಒಂಬತ್ತು ಸುತ್ತಿನಲ್ಲಿ ಎದುರಾಳಿಗಳ ಸರಾಸರಿ 2180ರಿಂದ 2233ರವರೆಗಿದ್ದರೆ ಡಬ್ಲ್ಯುಜಿಎಂಗೆ 7 ಅಂಕ ಬೇಕು, 2234ರಿಂದ 2274ರವರೆಗಿದ್ದರೆ ಆರೂವರೆ ಸಾಕು. ಒಂದು ಉದಾಹರಣೆ: ಒಬ್ಬ ಹುಡುಗಿಯ ಎದುರಾಳಿಗಳು 2370, 2340, 2315, 2260, 2245, 2230, 2190, 2150, 2040. ಮೊತ್ತ 20140, ಸರಾಸರಿ 2238. ಅವಳಿಗೆ ಡಬ್ಲ್ಯುಜಿಎಂ ನಾರ್ಮ್ ಆರೂವರೆಗೆ, ಡಬ್ಲ್ಯುಐಎಂ ನಾರ್ಮ್ 5ಕ್ಕೆ. 2370ರವಳು ಬಾರದೆ 2250ರವಳು ಬಂದರೆ ಸರಾಸರಿ 2224ಕ್ಕೆ ಇಳಿದು, ಡಬ್ಲ್ಯುಜಿಎಂಗೆ ಈಗ 7 ಬೇಕು. ಈ ಮಟ್ಟದಲ್ಲಿ ಅರ್ಧ ಅಂಕವೆಂದರೆ ಕೊನೆಯ ಸುತ್ತಿನಲ್ಲಿ ಕಪ್ಪು ಕಾಯಿ ಹಿಡಿದು ಡ್ರಾ ಸಾಕೋ, ಗೆಲ್ಲಲೇಬೇಕೋ ಎಂಬಷ್ಟು ವ್ಯತ್ಯಾಸ.

ಅದೇ ಖರ್ಚಿನಲ್ಲಿ ಇನ್ನೊಂದು ಲಾಭವಿದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಮೇಲಿನ ಮೂವರನ್ನು ಬರೀ ಡಬ್ಲ್ಯುಜಿಎಂಗಳಿಂದ ತುಂಬದೆ, ಐಎಂ ಅಥವಾ ಜಿಎಂ ಇರುವವರನ್ನೇ ಕರೆದರೆ ಐಎಂ ನಾರ್ಮೂ ತೆರೆದುಕೊಳ್ಳುತ್ತದೆ. ಅದಕ್ಕೆ ಸರಾಸರಿ 2230 ಇರಬೇಕು, ಪರ್ಫಾರ್ಮೆನ್ಸ್ 2450. ಮೇಲಿನ ಉದಾಹರಣೆಯ ಹುಡುಗಿ 7 ಅಂಕ ಮಾಡಿದರೆ 2458. ಒಂದೇ ಟೂರ್ನಿಯಿಂದ ಎರಡೂ ಅವಳ ಕೈಗೆ. ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ ಮುಟ್ಟಿದ ಜಿಎಂ ಪಟ್ಟದ ಕಡೆಗೆ ನಮ್ಮ ಹುಡುಗಿಯರು ಕಣ್ಣು ಹಾಯಿಸಬೇಕೆಂದರೆ ಐಎಂ ನಾರ್ಮಿನ ಅವಕಾಶವನ್ನು ಮಹಿಳಾ ಟೂರ್ನಿಯಲ್ಲೇ ಇಡಬೇಕು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಲೆಕ್ಕಕ್ಕೆ ಹಿಡಿಯುವುದು ಟೂರ್ನಿ ಶುರುವಾಗುವ ದಿನ ಜಾರಿಯಲ್ಲಿರುವ ರೇಟಿಂಗ್. ಪ್ರತಿ ತಿಂಗಳು 1ನೇ ತಾರೀಖು ಹೊಸ ಪಟ್ಟಿ ಬರುತ್ತದೆ. ಕೆ ಅಂಶ (ಒಂದೊಂದು ಫಲಿತಾಂಶಕ್ಕೆ ರೇಟಿಂಗ್ ಎಷ್ಟು ಏರಿಳಿಯಬೇಕೆಂಬ ಗುಣಕ) 40 ಇರುವ ಹದಿನೈದರ ಹುಡುಗಿಯ ರೇಟಿಂಗ್ ಒಂದೇ ತಿಂಗಳಲ್ಲಿ ಐವತ್ತರವತ್ತು ಕುಸಿದೀತು. ತಿಂಗಳ 3ಕ್ಕೆ ಟೂರ್ನಿ ಇಟ್ಟರೆ ಆಹ್ವಾನದ ವೇಳೆ ಹಾಕಿದ ಲೆಕ್ಕ ಹಳೆಯದಾಗಿರುತ್ತದೆ. ಆದ್ದರಿಂದ ಸರಾಸರಿಯನ್ನು ಗಡಿಗಿಂತ ಹತ್ತು ಹದಿನೈದು ಮೇಲಿಟ್ಟುಕೊಳ್ಳಿ. ಫಿಡೆ ನೋಂದಣಿಯನ್ನು ನಾವು ರಾಷ್ಟ್ರೀಯ ಫೆಡರೇಶನ್ ಮೂಲಕ ಒಂದು ತಿಂಗಳಿಗೂ ಮುಂಚೆ ಮುಗಿಸಿರುತ್ತೇವೆ.

ಯಾವ ಸುತ್ತಿನಲ್ಲಿ ಯಾರಿಗೆ ಯಾರು ಜೋಡಿ ಎಂಬುದಕ್ಕೆ ಬರ್ಗರ್ ಟೇಬಲ್; ಆಟಗಾರ್ತಿಯ ಸಂಖ್ಯೆ ಚೀಟಿಯಿಂದ. ಮೊದಲ ಸುತ್ತು 1–10, 2–9, 3–8, 4–7, 5–6. ಒಂದೇ ದೇಶದವರು ಕೊನೆಯ ಮೂರು ಸುತ್ತಿನಲ್ಲಿ ಎದುರಾಗದಂತೆ ಚೀಟಿ ಎತ್ತಿಸಲು ವರ್ಮಾ ಟೇಬಲ್ ಇದೆ, ಆದರೆ ಆರು–ನಾಲ್ಕರ ಪಟ್ಟಿಯಲ್ಲಿ ಅದು ಪೂರ್ತಿ ಸಾಧ್ಯವಿಲ್ಲ. ನಾಲ್ವರು ವಿದೇಶಿಯರು ನಾಲ್ಕು ಭಾರತೀಯರ ಜೊತೆ ಕೂತರೂ ಉಳಿದ ಇಬ್ಬರು ಭಾರತೀಯರು ಪರಸ್ಪರ ಆಡಲೇಬೇಕು. ಹಾಗಾಗಿ ಗೆಳತಿಯರು, ಒಂದೇ ಕೋಚ್ ಹತ್ತಿರ ಕಲಿಯುವವರು ಇವರನ್ನು ಮುಂಚಿನ ಸುತ್ತುಗಳಿಗೆ ತರುತ್ತೇವೆ. ಮೂವರಿದ್ದರೆ 3, 4, 8 ಈ ಸಂಖ್ಯೆಗಳಲ್ಲೇ ಅವರ ಚೀಟಿ. 3–8 ಮೊದಲ ಸುತ್ತಿಗೆ, 4–8 ಎರಡನೆಯದಕ್ಕೆ, 3–4 ಆರನೆಯದಕ್ಕೆ ಮುಗಿಯುತ್ತದೆ. ಒಂದೇ ದೇಶದ ಇಬ್ಬರು ವಿದೇಶಿಯರಿಗೆ 1 ಮತ್ತು 6, ಅಥವಾ 2 ಮತ್ತು 10. ಕೊನೆಯ ಸುತ್ತಿನಲ್ಲಿ ಅಂಕ ‘ಕೊಟ್ಟುಬಿಟ್ಟರು’ ಎಂಬ ಅನುಮಾನಕ್ಕೆ ಎಡೆಯೇ ಇರಬಾರದು.

ಟೈಬ್ರೇಕ್ ಕ್ರಮವನ್ನು ಆಹ್ವಾನ ಪತ್ರದಲ್ಲೇ ಅಚ್ಚು ಹಾಕಿಸಿ: ಪರಸ್ಪರ ಪಂದ್ಯ, ಗೆಲುವುಗಳ ಸಂಖ್ಯೆ, ಸೊನ್ನೆಬಾರ್ನ್–ಬರ್ಗರ್ (ಸೋಲಿಸಿದವರ ಅಂಕ, ಡ್ರಾ ಮಾಡಿದವರ ಅರ್ಧ ಅಂಕ ಕೂಡಿಸುವ ಲೆಕ್ಕ). ಎಲ್ಲರೂ ಎಲ್ಲರ ಎದುರು ಆಡದ ಸ್ವಿಸ್ ಟೂರ್ನಿಯ ರೂಢಿಯಿಂದ ಬುಕೋಲ್ಜ್ (ಎದುರಾಳಿಗಳ ಅಂಕಗಳ ಮೊತ್ತ) ಹಾಕಬೇಡಿ. ಸಮ ಅಂಕದವರು ಎದುರಿಸಿದ್ದು ಅದೇ ಜನರನ್ನಾದ್ದರಿಂದ ಅದು ಇಲ್ಲಿ ಏನನ್ನೂ ಬೇರ್ಪಡಿಸದು.

ಸಮಯ: 40 ನಡೆಗೆ 90 ನಿಮಿಷ, ಆಮೇಲೆ 30 ನಿಮಿಷ, ಮೊದಲಿಂದಲೂ ನಡೆಗೆ 30 ಸೆಕೆಂಡ್. 60 ನಡೆಯ ಪಂದ್ಯ ಐದು ಗಂಟೆ ಹಿಡಿಯಬಹುದು. ಹೋಟೆಲ್ ಖರ್ಚು ಕಡಿಮೆ ಮಾಡಲು ದಿನಕ್ಕೆ ಎರಡು ಸುತ್ತು ಇಡಲು ನಿಯಮ ಬಿಡುತ್ತದೆ. ಒಂದು ದಿನ ಹಾಗೆ ಮಾಡಬಹುದು, ಅದೂ ಮೊದಲ ಅರ್ಧದಲ್ಲಿ. ಗಡಿಯಾರ ಹೊಂದಿಸುವಾಗ ಎರಡನೇ ಹಂತದ 30 ನಿಮಿಷ ಮೊದಲ ಹಂತದ ಸಮಯ ಸೊನ್ನೆಗೆ ಬಂದಾಗ ಸೇರುವಂತಿರಲಿ. ನಡೆ ಎಣಿಕೆಯ ಮೇಲೆ ಬಿಟ್ಟರೆ, ಯಾರೋ ಒಮ್ಮೆ ಗುಂಡಿ ಒತ್ತುವುದು ಮರೆತರೂ ಎಣಿಕೆ ತಪ್ಪಿ ಜಗಳವಾಗುತ್ತದೆ.

ರಾಜನ ಎತ್ತರ 9.5 ಸೆಂ.ಮೀ., ಮೇಜು 110 × 85 ಸೆಂ.ಮೀ., ಎತ್ತರ 74. ಮದುವೆ ಹಾಲ್‌ನ ಮೇಜು ಇದಕ್ಕೆ ಒಗ್ಗುವುದಿಲ್ಲ. ದೀಪವನ್ನು ಸಂಜೆ ಹೊತ್ತು ಪರೀಕ್ಷಿಸಿ, ಕಾಯಿಯ ನೆರಳು ಮನೆಗಳ ಮೇಲೆ ಬೀಳಬಾರದು. ನೇರ ಪ್ರಸಾರಕ್ಕೆ ನಡೆಗಳನ್ನು ತಾನೇ ದಾಖಲಿಸುವ ಇ-ಬೋರ್ಡ್ ಇದ್ದರೆ 15 ನಿಮಿಷ ತಡವಾಗಿ ಬಿಡಿ. ಪಂದ್ಯ ಮುಗಿದಾಗ ಫಲಿತಾಂಶ ಇ-ಬೋರ್ಡಿಗೆ ತಿಳಿಯುವಂತೆ ರಾಜರನ್ನು ನಡುವಿಗೆ ತರುವುದು ಆರ್ಬಿಟರ್ (ತೀರ್ಪುಗಾರ) ಕೆಲಸ: ಬಿಳಿ ಗೆದ್ದರೆ ಇ4, ಡಿ5, ಕಪ್ಪು ಗೆದ್ದರೆ ಡಿ4, ಇ5. ತಡಮಾಡಿದರೆ ಇಬ್ಬರೂ ಅದೇ ಬೋರ್ಡಿನ ಮೇಲೆ ಚರ್ಚೆಗೆ ಕೂತು, ಆಡದ ನಡೆಗಳೂ ದಾಖಲೆಗೆ ಸೇರುತ್ತವೆ.

ಮೆಟಲ್ ಡಿಟೆಕ್ಟರ್ ತಪಾಸಣೆಗೆ ಹೆಣ್ಣುಮಕ್ಕಳೇ ಇರಬೇಕು. ಇಬ್ಬರು ಆರ್ಬಿಟರ್‌ಗಳಲ್ಲಿ ಒಬ್ಬರು ಮಹಿಳೆಯಾದರೆ ಶೌಚಾಲಯದ ಪರಿಶೀಲನೆಗೆ ತೊಡಕಿಲ್ಲ. ಅಲ್ಲಿ ಸ್ಯಾನಿಟರಿ ಪ್ಯಾಡ್ ಇಟ್ಟಿರಿ, ಬ್ಯಾಗಿಗಾಗಿ ಹುಡುಗಿ ಹಾಲ್‌ನಿಂದ ಆಚೆ ಹೋಗುವ ಪ್ರಸಂಗ ಬರುವುದಿಲ್ಲ. ಪೋಷಕರಿಗೆ ಬೇರೆ ಕೋಣೆ, ಕಾಫಿ, ಪರದೆ.

ನಡುವೆ ಯಾರಾದರೂ ಹಿಂದೆ ಸರಿದರೆ: ಅರ್ಧಕ್ಕಿಂತ ಕಡಿಮೆ ಆಡಿದ್ದರೆ ಅವಳ ಪಂದ್ಯಗಳು ರೇಟಿಂಗಿಗೆ ಉಳಿಯುತ್ತವೆ, ಅಂತಿಮ ಸ್ಥಾನಗಳಿಗೆ ಲೆಕ್ಕವಿಲ್ಲ. ಆಡದೆ ಸಿಕ್ಕ ಅಂಕ ನಾರ್ಮಿಗೂ ಸೇರದು. ಆದ್ದರಿಂದ ಜ್ವರ ಬಂದವಳನ್ನು ಮನೆಗೆ ಕಳಿಸುವ ಮುನ್ನ ವೈದ್ಯರನ್ನು ಹೋಟೆಲಿಗೇ ಕರೆಸುತ್ತೇವೆ.

ಪ್ರತಿಯೊಬ್ಬರ ನಾರ್ಮ್ ಗುರಿಯನ್ನು ಮೊದಲ ಸುತ್ತಿಗೆ ಮುಂಚೆ ಬೋರ್ಡಿಗೆ ಹಚ್ಚಿ. ಟೂರ್ನಿ ತಂತ್ರಾಂಶ ಸ್ವಿಸ್-ಮ್ಯಾನೇಜರ್ ಲೆಕ್ಕ ಕೊಡುತ್ತದೆ, ಆದರೂ ಕೈಯಲ್ಲಿ ಒಮ್ಮೆ ಕೂಡಿಸಿ ನೋಡಿ. ಟೈಟಲ್ ಅರ್ಜಿ ಹಾಕಿ ಇನ್ನೂ ಮಂಜೂರಾಗದವರನ್ನು ಟೈಟಲ್ ಇರುವವರೆಂದು ನಮೂದಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನಾರ್ಮ್ ಮಾಡಿದವಳಿಗೆ ಐಟಿ1 ಪ್ರಮಾಣಪತ್ರವನ್ನು ಮುಖ್ಯ ಆರ್ಬಿಟರ್ ಸಹಿಯೊಂದಿಗೆ ಸಮಾರೋಪದ ದಿನವೇ ಕೊಡಿ. ಫಿಡೆ ಗುರುತಿನ ಸಂಖ್ಯೆ, ಹೆಸರಿನ ಕಾಗುಣಿತ, ಎದುರಾಳಿಗಳ ರೇಟಿಂಗ್ ಮತ್ತು ಟೈಟಲ್ ಸರಿಯಿವೆಯೇ ಎಂದು ಅವಳನ್ನೇ ಓದಿಸಿ, ಪ್ರತಿಯೊಂದನ್ನು ನಿಮ್ಮ ಕಡತದಲ್ಲೂ ಇಟ್ಟುಕೊಳ್ಳಿ. ಡಬ್ಲ್ಯುಜಿಎಂ ಪಟ್ಟಕ್ಕೆ ಬೇಕಾದ 27 ಪಂದ್ಯಗಳಷ್ಟು ನಾರ್ಮ್ ಮತ್ತು 2300 ರೇಟಿಂಗ್ ಸೇರುವುದಕ್ಕೆ ವರ್ಷಗಳೇ ಹಿಡಿದಾವು. ಅಷ್ಟರಲ್ಲಿ ಮನೆಯಲ್ಲಿ ಆ ಕಾಗದ ಕಳೆದಿದ್ದರೆ ಕೇಳಲು ಅವಳು ಬರುವುದು ನಿಮ್ಮ ಹತ್ತಿರವೇ.